ನಮ್ಮ ಮೇಲ್‌ಬಾಕ್ಸ್‌ನ ನಿಯಮವನ್ನು ನಮಗೇ ತೋರಿಸದ ನಿಮಗೆ

ಇಂದ: ಕಚೇರಿ ವ್ಯವಸ್ಥಾಪಕ, ಕಾಫಿ ಕ್ಯೂರಿಂಗ್ ಘಟಕ, ಗೋಣಿಕೊಪ್ಪ, ಕೊಡಗು

ಗೆ: ವ್ಯವಸ್ಥಾಪಕರು, ಇಮೇಲ್ ನಿರ್ವಹಣಾ ಸೇವೆ

ವಿಷಯ: ಭದ್ರತಾ ಮೇಲ್‌ಬಾಕ್ಸ್‌ಗೆ ಇರಬೇಕಾದ ಫಿಲ್ಟರ್ ವಿನಾಯಿತಿ ನಿಯಮವನ್ನು ತೋರಿಸದಿರುವುದು

ಮಾನ್ಯರೇ,

ಒಂದು ತಿಂಗಳಲ್ಲಿ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲವೂ ಮರ್ಯಾದೆಯಿಂದಲೇ ಮಾತನಾಡಿದ್ದೇನೆ. ಇನ್ನು ಫೋನ್ ಮಾಡುವುದಿಲ್ಲ.

ಜನವರಿಯಲ್ಲಿ ರೋಬಸ್ಟಾ ಕೊಯ್ಲು ಭರದಿಂದ ಸಾಗಿದ್ದಾಗ ನಮ್ಮ ಘಟಕದ ಹೆಸರಿನಲ್ಲಿ ಬೆಳೆಗಾರರಿಗೆ ಒಂದು ನಕಲಿ ಇಮೇಲ್ ಹೋಯಿತು. ಕ್ಯೂರಿಂಗ್ ಶುಲ್ಕವನ್ನು ಹೊಸ ಬ್ಯಾಂಕ್ ಖಾತೆಗೆ ಕಟ್ಟಿ ಎಂದು ಅದರಲ್ಲಿತ್ತು. ಪೊನ್ನಂಪೇಟೆ ಕಡೆಯ ಹಿರಿಯ ಬೆಳೆಗಾರ್ತಿಯೊಬ್ಬರಿಗೆ ಅನುಮಾನ ಬಂತು. ನಾವು ಹೇಳಿಕೊಟ್ಟಿದ್ದಂತೆಯೇ ಅದನ್ನು ನಮ್ಮ ಭದ್ರತಾ ಮೇಲ್‌ಬಾಕ್ಸ್‌ಗೆ ಕಳುಹಿಸಿ, ‘ಇದು ನಿಮ್ಮದೇನಾ?’ ಎಂದು ಕೇಳಿದರು. ಎರಡು ದಿನ ಕಾದರು. ಉತ್ತರ ಬರದಿದ್ದಾಗ ನಮ್ಮದೇ ಇರಬೇಕೆಂದುಕೊಂಡು ಹಣ ಕಟ್ಟಿದರು. ಅವರ ಪತ್ರ ಅಷ್ಟೂ ಹೊತ್ತು ಕ್ವಾರಂಟೈನ್‌ನಲ್ಲಿ, ಅಂದರೆ ಸಂಶಯದ ಪತ್ರಗಳನ್ನು ಫಿಲ್ಟರ್ ತಡೆದಿಡುವ ಜಾಗದಲ್ಲಿ, ಬಿದ್ದಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವ ಹೊತ್ತಿಗೆ ವಂಚಕರ ಆ ಖಾತೆ ಖಾಲಿಯಾಗಿತ್ತು. ಆ ತಾಯಿಗೆ ನಾನು ಮುಖ ತೋರಿಸಲಾರದೆ ಇದ್ದೇನೆ.

ಮೈಕ್ರೋಸಾಫ್ಟ್‌ನ ಇಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್ ನಿರ್ವಹಿಸುವುದೇ ನಿಮ್ಮ ಕಸುಬು, ಆದ್ದರಿಂದ ಇದು ನಿಮಗೆ ಗೊತ್ತಿರಲೇಬೇಕು: ಖಚಿತ ಫಿಶಿಂಗ್ (ಮೋಸದ ಪತ್ರ) ಎಂದು ಕಂಡದ್ದನ್ನು ಅನುಮತಿ ಪಟ್ಟಿಯಲ್ಲಿ ಯಾರ ಹೆಸರಿದ್ದರೂ ವ್ಯವಸ್ಥೆ ತಡೆದು ನಿಲ್ಲಿಸುತ್ತದೆ. ಸಂಶಯದ ಪತ್ರಗಳನ್ನು ಪರಿಶೀಲಿಸುವವರ ಕೈಗೆ ಅವು ಸೋಸದೆ ತಲುಪಲಿ ಎಂದೇ ಅದರ ‘ಅಡ್ವಾನ್ಸ್ಡ್ ಡೆಲಿವರಿ’ ಎಂಬ ಸೆಟ್ಟಿಂಗ್‌ನಲ್ಲಿ ಸೆಕ್‌ಆಪ್ಸ್ (ಭದ್ರತಾ ಕಾರ್ಯಾಚರಣೆ) ಮೇಲ್‌ಬಾಕ್ಸ್ ಎಂಬ ಏರ್ಪಾಡಿದೆ. ಅಲ್ಲಿ ಗುಂಪಿನ ವಿಳಾಸ ನಡೆಯುವುದಿಲ್ಲ, ನಿಜವಾದ ಮೇಲ್‌ಬಾಕ್ಸ್‌ನ ವಿಳಾಸವೇ ಬೇಕು. ಆ ನಿಯಮವನ್ನು ಹಾಕಿದ್ದೇವೆ ಎಂದು ನೀವು ಕಳೆದ ವರ್ಷ ಬರೆದುಕೊಟ್ಟಿದ್ದೀರಿ. ಅದನ್ನು ತೋರಿಸಿ ಎಂದಷ್ಟೇ ನಾನು ಕೇಳಿದ್ದು.

ಕಳೆದ ಸೋಮವಾರದ ಸಂಗತಿಯನ್ನು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಅದು ಮನಸ್ಸಿನಿಂದ ಹೋಗುತ್ತಿಲ್ಲ. ನಿಮ್ಮ ತಂತ್ರಜ್ಞರು ತಮ್ಮ ಪರದೆಯನ್ನು ನಮಗೆ ತೋರಿಸುತ್ತಿದ್ದರು. ನನ್ನ ಪಕ್ಕದಲ್ಲಿ ಲೆಕ್ಕಪತ್ರದ ಹುಡುಗಿಯೂ ಇಬ್ಬರು ನಿರ್ದೇಶಕರೂ ಕುಳಿತಿದ್ದರು. ಕರೆಂಟ್ ಹೋಗಿ ಹೊರಗೆ ಕಣದ ಬದಿಯಲ್ಲಿ ಜನರೇಟರ್ ಸದ್ದು ಮಾಡುತ್ತಿತ್ತು. ಅವರು ಆಜ್ಞೆಗಳನ್ನು ಟೈಪ್ ಮಾಡುವ ಪವರ್‌ಶೆಲ್ ತೆರೆದು, ಆ ನಿಯಮವನ್ನು ತೋರಿಸುವ ‘ಗೆಟ್-ಎಕ್ಸೋಸೆಕ್‌ಆಪ್ಸ್‌ಓವರ್‌ರೈಡ್‌ರೂಲ್’ ಎಂಬ ಆಜ್ಞೆಯನ್ನು ಟೈಪ್ ಮಾಡಿ, ಮುಂದೆ ಇಂಥದೇ ಹೆಸರಿನ ನಿಯಮ ಬೇಕೆಂದು ಹೇಳುವ ಐಡೆಂಟಿಟಿ ಎಂಬುದನ್ನು ಹಾಕಿ, ನಮ್ಮ ಘಟಕದ ಹೆಸರನ್ನು ಸೇರಿಸಿದರು. ಕೆಂಪು ಅಕ್ಷರದಲ್ಲಿ ದೋಷ ಬಂತು. ‘ನೋಡಿ ಸಾರ್, ಅಂಥ ನಿಯಮವೇ ಇಲ್ಲ’ ಎಂದರು. ನಾವು ಯಾವ ಹೆಸರು ಕೊಟ್ಟರೂ ಆ ನಿಯಮಕ್ಕೆ ವ್ಯವಸ್ಥೆಯೇ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಉದ್ದದ ಹೆಸರನ್ನು ಇಟ್ಟುಕೊಳ್ಳುತ್ತದೆ, ಐಡೆಂಟಿಟಿ ತೆಗೆದು ಬರೀ ಆಜ್ಞೆ ಕೊಡಿ, ಇರುವುದೆಲ್ಲ ಕಾಣುತ್ತದೆ ಎಂದೆ. ಅವರು ಕೀಲಿಮಣೆ ಮುಟ್ಟಲಿಲ್ಲ. ಜನರೇಟರ್ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಆ ಒಂದು ಸಾಲನ್ನು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಕ್ಯಾಮೆರಾಕ್ಕೆ ಹಿಡಿದೆ. ಆಗ ಅವರು, ‘ಸಾರ್, ಇದೆಲ್ಲ ನಿಮ್ಮಂಥವರಿಗೆ ಅರ್ಥವಾಗುವುದಲ್ಲ. ನೀವು ಕಾಫಿ ಬೆಲೆ ನೋಡಿಕೊಳ್ಳಿ’ ಎಂದರು. ಅವರ ಹಿಂದೆ ಯಾರೋ ನಕ್ಕದ್ದು ನಮಗೆ ನಾಲ್ವರಿಗೂ ಕೇಳಿಸಿತು. ಹಾಳೆ ಹಿಡಿದ ಕೈಯನ್ನು ಕೆಳಗಿಳಿಸಿದೆ. ನಮ್ಮ ಹುಡುಗಿ ತಲೆ ತಗ್ಗಿಸಿ ಕುಳಿತಳು.

ನಾನು ಕೇಳಿದ್ದು ನೋಡುವ ಆಜ್ಞೆ. ಅದು ಏನನ್ನೂ ಅಳಿಸುವುದಿಲ್ಲ, ಬದಲಿಸುವುದಿಲ್ಲ. ಒಂದು ನಿಮಿಷದ ಕೆಲಸಕ್ಕೆ ನಮ್ಮನ್ನು ಒಂದು ತಿಂಗಳು ಅಲೆಸಿದಿರಿ. ಆ ನಿಯಮವನ್ನು ನೀವು ಹಾಕಿಯೇ ಇಲ್ಲ ಎಂಬ ಅನುಮಾನ ಈಗ ನನಗೆ ಬಲವಾಗಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಎಚ್ಚರಿಕೆಯ ಪತ್ರವೇ ನಮ್ಮ ಕೈ ಸೇರದಿದ್ದರೆ ಗಮನಕ್ಕೆ ಬರುವುದಾದರೂ ಹೇಗೆ?

ಶುಕ್ರವಾರ ಸಂಜೆಯೊಳಗೆ ಆ ಆಜ್ಞೆಯ ಪೂರ್ತಿ ಫಲಿತಾಂಶ ನನಗೆ ಲಿಖಿತವಾಗಿ ಬರಬೇಕು. ನಿಯಮ ಒಂದನ್ನೇ ಕಳುಹಿಸಿದರೆ ಸಾಲದು. ಯಾವ ವಿಳಾಸಗಳಿಗೆ ವಿನಾಯಿತಿ ಇದೆ ಎಂಬುದು ಪಾಲಿಸಿಯಲ್ಲಿರುತ್ತದೆ, ‘ಗೆಟ್-ಸೆಕ್‌ಆಪ್ಸ್‌ಓವರ್‌ರೈಡ್‌ಪಾಲಿಸಿ’ಯ ಫಲಿತಾಂಶವೂ ಬೇಕು. ನನ್ನ ಖಾತೆಗೆ ಭದ್ರತಾ ಸೆಟ್ಟಿಂಗ್‌ಗಳನ್ನು ನೋಡಲಷ್ಟೇ ಬಿಡುವ ಸೆಕ್ಯುರಿಟಿ ರೀಡರ್ ಅಧಿಕಾರ ಕೊಡಿ, ಮುಂದಿನ ಸಲ ನಾನೇ ನೋಡಿಕೊಳ್ಳುತ್ತೇನೆ.

ಬರದಿದ್ದರೆ ಈ ತ್ರೈಮಾಸಿಕದ ಬಿಲ್ಲಿಗೆ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ. ಮುಖ್ಯ ಅಡ್ಮಿನ್ ಖಾತೆಯನ್ನು ಹಿಂದಕ್ಕೆ ಪಡೆಯುತ್ತೇವೆ. ಆ ಬೆಳೆಗಾರ್ತಿ ಕಳೆದುಕೊಂಡ ಹಣಕ್ಕಾಗಿ ಮಡಿಕೇರಿಯ ನಮ್ಮ ವಕೀಲರಿಂದ ನಿಮಗೆ ನೋಟಿಸ್ ಬರುತ್ತದೆ. ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರಗಳಲ್ಲಿ ನಿಮ್ಮ ಸೇವೆ ಪಡೆದಿರುವ ಒಬ್ಬೊಬ್ಬರನ್ನೂ ಖುದ್ದಾಗಿ ಕಂಡು ನಡೆದದ್ದನ್ನು ಹೇಳುತ್ತೇನೆ. ಕ್ಯಾಮೆರಾಕ್ಕೆ ಹಿಡಿದ ಆ ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ, ನೋಟಿಸಿನ ಜೊತೆಗೆ ಅದರ ಪ್ರತಿಯನ್ನೂ ಲಗತ್ತಿಸುತ್ತೇನೆ.

ಇಂತಿ,
ಕಚೇರಿ ವ್ಯವಸ್ಥಾಪಕ