ಮಾತು ನಿಂತರೆ ಬುದ್ಧಿ ಹೋದಂತಲ್ಲ

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರನ್ನು ಬುದ್ಧಿ ಮಂಕಾದವರೆಂದು ಭಾವಿಸುವ ತಪ್ಪು ನಮ್ಮಲ್ಲಿ ಇನ್ನೂ ಹೋಗಿಲ್ಲ. ಎಡ ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಮಾತು ಹೊರಡದಿದ್ದರೂ ಕೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತಿರಬಹುದು ಎಂಬುದನ್ನು ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ 1861ರಲ್ಲೇ ಗುರುತಿಸಿದ್ದರು. ರೋಗಿಯ ಎದುರಿಗೇ ‘ಇವರಿಗೇನೂ ತಿಳಿಯುವುದಿಲ್ಲ’ ಎನ್ನುವ ಬಂಧುಗಳು ಇದನ್ನು ಅರಿಯಬೇಕು.

ಬೆಂಗಳೂರಿನಲ್ಲಿ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರಿಗೆ ಎಲ್ಲ ಭಾಷೆಗಳೂ ಒಂದೇ ಸಮನೆ ಮರಳಬೇಕೆಂದಿಲ್ಲ. ಒಂದು ಬೇಗ ಚೇತರಿಸಿಕೊಂಡು ಇನ್ನೊಂದು ಹಿಂದುಳಿಯಬಹುದು. ಸರ್ಕಾರಿ ಆಸ್ಪತ್ರೆಗಳು ರೋಗಿ ಬಲ್ಲ ಭಾಷೆಗಳನ್ನೆಲ್ಲ ದಾಖಲಿಸಿಕೊಂಡು ಅವುಗಳಲ್ಲೇ ಪರೀಕ್ಷಿಸಲಿ, ವಾಕ್ ಚಿಕಿತ್ಸೆ ನೀಡಲಿ. ಮನೆಗೆ ಕಳುಹಿಸುವಾಗ ಬಂಧುಗಳಿಗೆ ಕನ್ನಡದಲ್ಲೊಂದು ಸೂಚನಾಪತ್ರವನ್ನೂ ಕೊಡಲಿ.

– ನಿವೃತ್ತ ಶಿಕ್ಷಕಿ, ಬಸವನಗುಡಿ, ಬೆಂಗಳೂರು