ನನ್ನ ಏಕಸದಸ್ಯ ಅಭಿಮಾನಿ ಸಂಘ

ಪ್ರಿಯ ರಾಘು,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಇಪ್ಪತ್ತು ವರ್ಷದಿಂದ ಆ ಒಣಕಲು ಇಂಗ್ಲಿಷ್ ನಟ ಬಿಲ್ ನೈಯ ಹಿಂದೆ ಬಿದ್ದಿದ್ದೀಯ, ಅವನಲ್ಲಿ ಅಂಥದ್ದೇನು ಕಂಡೆ ಮಾರಾಯ?" ಅಂತ. ಆಗ ಏನೋ ಹಾರಿಕೆಯ ಉತ್ತರ ಕೊಟ್ಟು ಫೋನಿಟ್ಟೆ. ಪಕ್ಕದಲ್ಲೇ ಮನೆಯವಳು ಸೊಪ್ಪು ಬಿಡಿಸುತ್ತಾ ಕೂತಿದ್ದಳು; ಅವಳದೂ ಇದೇ ಪ್ರಶ್ನೆ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇವತ್ತು ಭಾನುವಾರ, ಜಿಟಿಜಿಟಿ ಮಳೆ, ಬೆಳಿಗ್ಗೆಯಿಂದ ಕರೆಂಟಿಲ್ಲ. ಅದಕ್ಕೇ ಬರೆಯಲು ಕೂತೆ.

ತಪ್ಪು ನಿನ್ನದೇ, ಮೊದಲು ಅದನ್ನು ಒಪ್ಪಿಕೋ. 2004ರಲ್ಲಿ ವಿಜಯನಗರದ ನಮ್ಮ ರೂಮಿಗೆ 'ಲವ್ ಆಕ್ಚುಲಿ' ಡಿವಿಡಿ ಬಾಡಿಗೆಗೆ ತಂದವನು ನೀನು. ನೀನು ತಂದದ್ದು ಹ್ಯೂ ಗ್ರಾಂಟ್‌ನನ್ನು ನೋಡಲು. ನಾನು ಎದುರಿಗೆ ಕೆಪಿಎಸ್‌ಸಿ ಗೈಡು ತೆರೆದಿಟ್ಟುಕೊಂಡು ಓದುವ ನಾಟಕ ಆಡುತ್ತಿದ್ದೆ. ಶುರುವಿಗೇ ರೆಕಾರ್ಡಿಂಗ್ ಸ್ಟುಡಿಯೋ. ವಯಸ್ಸಾದ ಹಾಡುಗಾರ ಬಿಲ್ಲಿ ಮ್ಯಾಕ್ ಒಂದು ಹಳೆಯ ಹಾಡಿಗೆ ಕ್ರಿಸ್‌ಮಸ್ ಪದ ತುರುಕಿ ಹಾಡಬೇಕು. ಪ್ರತಿ ಸಲವೂ ಬಾಯಿಗೆ ಹಳೇ ಸಾಲೇ ಬರುತ್ತದೆ. ತಪ್ಪುತ್ತಾನೆ, ಬಯ್ದುಕೊಳ್ಳುತ್ತಾನೆ, ಮತ್ತೆ ಹಾಡುತ್ತಾನೆ, ಮತ್ತೆ ತಪ್ಪುತ್ತಾನೆ. ಗೈಡು ಮುಚ್ಚಿದವನು ನಾನು ಆವತ್ತು ಮತ್ತೆ ತೆರೆಯಲಿಲ್ಲ. ಬಿಲ್ ನೈ ಅನ್ನುವ ಹೆಸರನ್ನು ಡಿವಿಡಿ ಡಬ್ಬಿಯ ಹಿಂದಿನ ಸಣ್ಣ ಅಕ್ಷರದಲ್ಲಿ ಹುಡುಕಿ ಓದಿದ್ದೆ.

ಅದೇ ಸಿನಿಮಾದ ಕೊನೆಯಲ್ಲಿ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಅವನಿಗೆ ದೊಡ್ಡ ಹಾಡುಗಾರ ಎಲ್ಟನ್ ಜಾನ್ ಮನೆಯ ಪಾರ್ಟಿಗೆ ಕರೆ ಇರುತ್ತದೆ. ಅದನ್ನು ಬಿಟ್ಟು ತನ್ನ ದಡೂತಿ ಮ್ಯಾನೇಜರ್ ಜೋ ಮನೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಇಷ್ಟು ವರ್ಷ ಜೊತೆಗಿದ್ದವನು ನೀನು, ನನ್ನ ಬದುಕಿನ ಪ್ರೀತಿ ಅಂದರೆ ನೀನೇ ಅನ್ನಬೇಕು. ಅನ್ನಲು ಆಗುತ್ತಿಲ್ಲ. ಮೈ ಕೊಂಕಿಸುತ್ತಾನೆ, ಮಾತು ಅರ್ಧಕ್ಕೆ ನಿಲ್ಲಿಸುತ್ತಾನೆ, ಎಲ್ಲೋ ನೋಡುತ್ತಾನೆ. ಆ ಹೊತ್ತಿಗೆ ನೀನು "ಬಾಯಾರಿಕೆ" ಅಂತ ಎದ್ದು ಹೋಗಿ ಕೊಡದಿಂದ ನೀರು ಬಗ್ಗಿಸಿಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ನನಗೆ ಈಗಲೂ ನೆನಪಿದೆ.

ಆಮೇಲೆ ನಾನು ಅವನ ಜಾತಕ ತೆಗೆದೆ. ಹುಟ್ಟಿದ್ದು 1949ರ ಡಿಸೆಂಬರ್ 12, ಸರ್ರಿ ಪ್ರಾಂತ್ಯದ ಕೇಟರಮ್. ಅಪ್ಪನದು ಕಾರ್ ಗ್ಯಾರೇಜು, ಅಮ್ಮ ಮಾನಸಿಕ ಆಸ್ಪತ್ರೆಯಲ್ಲಿ ನರ್ಸು. ಹುಡುಗ ಬರಹಗಾರನಾಗುತ್ತೇನೆಂದು ಪ್ಯಾರಿಸ್‌ಗೆ ಹೋಗಿ ಏನೂ ಬರೆಯದೆ ವಾಪಸಾದ. ಲಿವರ್‌ಪೂಲಿನ ಎವ್ರಿಮನ್ ಥಿಯೇಟರಿನಲ್ಲಿ ಜೂಲಿ ವಾಲ್ಟರ್ಸ್, ಪೀಟ್ ಪಾಸಲ್‌ತ್ವೇಟ್ ಜೊತೆ ನಾಟಕ ಆಡಿದ. ರಂಗಭೂಮಿ, ರೇಡಿಯೋ, ಟಿವಿ ಅಂತ ಮೂರು ದಶಕ ದುಡಿದ. ಬಿಲ್ಲಿ ಮ್ಯಾಕ್ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂದಾಗ ಅವನಿಗೆ ಐವತ್ನಾಲ್ಕು. ನಮ್ಮಲ್ಲಿ ಆ ವಯಸ್ಸಿಗೆ ಜನ ಪೆನ್ಶನ್ ಲೆಕ್ಕ ಹಾಕಲು ಶುರು ಮಾಡಿರುತ್ತಾರೆ. ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಕೂತಿದ್ದ ನನಗೆ ಅವನ ಮೇಲೆ ಪ್ರೀತಿ ಬರದೆ ಇನ್ನೇನು? (ಏಕವಚನ ಅಂತ ಬಯ್ಯಬೇಡ. ಅಣ್ಣಾವ್ರಿಗೆ ಮಾತ್ರ ಬಹುವಚನ. ಉಳಿದವರೆಲ್ಲ ಮನೆಯ ಹುಡುಗರಿದ್ದ ಹಾಗೆ.)

ಆಮೇಲಿನದು ನಿನಗೆ ಗೊತ್ತಿರುವ ಹುಚ್ಚೇ. 2006ರಲ್ಲಿ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಎರಡನೇ ಭಾಗಕ್ಕೆ ನಿನ್ನನ್ನು ಎಳೆದುಕೊಂಡು ಹೋಗಿದ್ದೆ. ಆಕ್ಟೋಪಸ್ ಗಡ್ಡದ ಡೇವಿ ಜೋನ್ಸ್ ಅವನೇ ಅಂದರೆ ನೀನು ನಂಬಲಿಲ್ಲ. ಮೇಕಪ್ಪು ಬಿಚ್ಚಲು ಎಷ್ಟು ಹೊತ್ತು ಬೇಕಾಗಿತ್ತೋ ಪಾಪ, ಕಣ್ಣಂತೂ ಅವನದೇ ಅಂತ ನಾನು ವಾದ ಮಾಡಿದೆ. ನೋಡಿದರೆ ಮೇಕಪ್ಪೇ ಅಲ್ಲ! ಚುಕ್ಕಿ ಚುಕ್ಕಿ ಅಂಟಿಸಿದ ಬೂದು ಬಣ್ಣದ ಬಟ್ಟೆ ಹಾಕಿಕೊಂಡು ಅವನು ನಟಿಸಿದ್ದು, ಗಡ್ಡದಿಂದ ಕಣ್ಣಿನವರೆಗೆ ಉಳಿದದ್ದೆಲ್ಲ ಕಂಪ್ಯೂಟರಿನವರು ಬರೆದದ್ದು. ಅವರಿಗೆ ಆಸ್ಕರ್ ಕೂಡ ಬಂತು. ಆದರೂ ಸಾಲಿನ ಕೊನೆಯ ಪದವನ್ನು ಅಗಿದು ಉಗುಳುವ ಹಾಗೆ ಹೇಳುವುದು, ತಲೆಯನ್ನು ಪಕ್ಕಕ್ಕೆ ಕೊಕ್ಕರೆಯ ಹಾಗೆ ತಿರುಗಿಸುವುದು, ಅದನ್ನು ಯಾವ ಕಂಪ್ಯೂಟರೂ ಬರೆಯಲಾರದು. 'ಶಾನ್ ಆಫ್ ದಿ ಡೆಡ್'ನಲ್ಲಿ ಅವನ ಹೆಂಡತಿಯಾಗಿದ್ದ ಪೆನೆಲಪಿ ವಿಲ್ಟನ್ನೇ ರಾಜಸ್ಥಾನದಲ್ಲಿ ಚಿತ್ರೀಕರಿಸಿದ 'ದಿ ಬೆಸ್ಟ್ ಎಕ್ಸಾಟಿಕ್ ಮ್ಯಾರಿಗೋಲ್ಡ್ ಹೋಟೆಲ್'ನಲ್ಲೂ ಹೆಂಡತಿ. ಇಂಥದ್ದನ್ನೆಲ್ಲ ಹೇಳಲು ಹೋದರೆ ಮನೆಯಲ್ಲಿ ಎದ್ದು ಹೋಗುತ್ತಾರೆ. ಮಗಳೊಬ್ಬಳು ವಾಸಿ. ಈಚೆಗೆ 'ದಿ ವೈಲ್ಡ್ ರೋಬಾಟ್' ಕಾರ್ಟೂನ್ ಹಾಕಿದ್ದಳು. ನಾನು ಅಡುಗೆಮನೆಯಲ್ಲಿದ್ದೆ, ಮುದಿ ಹೆಬ್ಬಾತೊಂದು ಮಾತಾಡಿದ್ದು ಕೇಳಿತು, ಸೌಟು ಹಿಡಿದುಕೊಂಡೇ ಓಡಿ ಬಂದೆ. "ನಿನ್ನ ಫ್ರೆಂಡಾ ಅಪ್ಪ?" ಅಂದಳು.

ತಮಾಷೆಯೆಂದರೆ, ಇವನು ತಾನು ನಟಿಸಿದ ಸಿನಿಮಾವನ್ನು ತಾನೇ ನೋಡುವುದಿಲ್ಲವಂತೆ. ನೋಡಿದರೆ ತಪ್ಪೇ ಕಾಣುತ್ತದಂತೆ. ಅಂದಮೇಲೆ ಅವನಿಗಿಂತ ಹೆಚ್ಚು ಅವನನ್ನು ನೋಡಿದವನು ನಾನು.

ಇನ್ನೊಂದು ವಿಷಯ ನಿನಗೂ ಹೇಳಿರಲಿಲ್ಲ. ಅವನ ಕೈ ಗಮನಿಸಿದ್ದೀಯಾ? ಕಿರುಬೆರಳು, ಉಂಗುರದ ಬೆರಳು ಅಂಗೈ ಕಡೆಗೆ ಮಡಿಸಿಕೊಂಡೇ ಇರುತ್ತವೆ. ನಾನು ಅದನ್ನು ಅವನ ಸ್ಟೈಲು ಅಂದುಕೊಂಡಿದ್ದೆ. ರಜನಿ ಸಿಗರೇಟು ಎಸೆದ ಹಾಗೆ ಇವನದು ಇದು ಅಂತ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಟೀ ಲೋಟವನ್ನು ಹಾಗೇ ಎರಡು ಬೆರಳು ಮಡಿಸಿ ಹಿಡಿಯುತ್ತಿದ್ದೆ. ಒಂದು ದಿನ ಜವಾನ ಹತ್ತಿರ ಬಂದು ದನಿ ತಗ್ಗಿಸಿ, "ಸಾರ್, ಬೆರಳಿಗೆ ಏನಾಯ್ತು? ನಮ್ಮೂರಲ್ಲಿ ಎಣ್ಣೆ ತಿಕ್ಕುವವರಿದ್ದಾರೆ" ಅಂದ. ಆಮೇಲೆ ಎಲ್ಲೋ ಓದಿದೆ, ಅದು ಸ್ಟೈಲೂ ಅಲ್ಲ ಮಣ್ಣೂ ಅಲ್ಲ, ಡುಪ್ಯುಟ್ರೆನ್ ಅನ್ನುವ ತೊಂದರೆ. ಅಂಗೈ ಚರ್ಮದ ಕೆಳಗಿನ ಪದರ ದಪ್ಪವಾಗಿ ಹಗ್ಗದ ಹಾಗೆ ಬೆರಳನ್ನು ಒಳಗೆ ಎಳೆಯುತ್ತದೆ. ವಂಶದಲ್ಲಿ ಬರುವಂಥದ್ದು. ವರ್ಷಗಳಿಂದ ಅವನು ಅದೇ ಕೈಯಲ್ಲಿ ಕೈಕುಲುಕುತ್ತಾ, ಸಿನಿಮಾದಲ್ಲಿ ಮೈಕು, ಪಿಸ್ತೂಲು, ಟೀ ಕಪ್ಪು ಹಿಡಿಯುತ್ತಾ ಬಂದಿದ್ದಾನೆ. ನಾಚಿಕೆಯಾಯಿತು. ಆದರೆ ಲೋಟ ಹಿಡಿಯುವ ಚಾಳಿ ಪೂರ್ತಿ ಹೋಗಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. 'ಲಿವಿಂಗ್' ನೋಡಿಲ್ಲ ಅಂದೆಯಲ್ಲ, ಅದಕ್ಕೇ ನೀನು ಹೀಗೆ ಕೇಳುತ್ತೀಯ. 2022ರ ಸಿನಿಮಾ. ಜಪಾನಿನ ನಿರ್ದೇಶಕ ಕುರೊಸಾವಾನ ಹಳೆಯ ಸಿನಿಮಾ 'ಇಕಿರು'ವನ್ನು ಕಾದಂಬರಿಕಾರ ಕಜುವೊ ಇಶಿಗುರೊ 1953ರ ಲಂಡನ್ನಿಗೆ ತಂದು, ಬಿಲ್ ನೈಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅವನು ಮಿಸ್ಟರ್ ವಿಲಿಯಮ್ಸ್, ಲಂಡನ್ ಕೌಂಟಿ ಹಾಲಿನ ಲೋಕೋಪಯೋಗಿ ವಿಭಾಗದ ಮೇಲಧಿಕಾರಿ. ಬಾಂಬು ಬಿದ್ದ ಖಾಲಿ ಜಾಗವನ್ನು ಮಕ್ಕಳಿಗೆ ಆಟದ ಅಂಗಳ ಮಾಡಿಕೊಡಿ ಅಂತ ಮೂವರು ಹೆಂಗಸರು ಅರ್ಜಿ ತರುತ್ತಾರೆ. ಅವರನ್ನು ಉದ್ಯಾನ ವಿಭಾಗಕ್ಕೆ, ಅಲ್ಲಿಂದ ಯೋಜನೆಗೆ, ಇನ್ನೊಂದು ಮಹಡಿಗೆ, ಮತ್ತೊಂದು ಮಹಡಿಗೆ ಕಳಿಸಿ, ಕೊನೆಗೆ ಕಾಗದ ಇವನ ಮೇಜಿಗೇ ವಾಪಸು. ಅವನು ಅದನ್ನು ಮೆಲ್ಲಗೆ ಎತ್ತಿ, ಇದ್ದರೆ ಇರಲಿ, ತೊಂದರೆಯೇನಿಲ್ಲ ಅನ್ನುವ ಹಾಗೆ ಪಕ್ಕದ ರಾಶಿಯ ಮೇಲಿಡುತ್ತಾನೆ. ಆ ಇಡುವುದನ್ನು ನೋಡಬೇಕು ನೀನು. ಸಿಟ್ಟಿಲ್ಲ, ಸೋಮಾರಿತನವಿಲ್ಲ, ದುರುದ್ದೇಶ ಮೊದಲೇ ಇಲ್ಲ. ಕಾಗದದ ಅಂಚು ಸರಿಯಾಗಿ ಕೂತಿದೆಯೇ ಅಂತ ಮಾತ್ರ ನೋಡುತ್ತಾನೆ. ಹತ್ತೊಂಬತ್ತು ವರ್ಷದಿಂದ ಟಪ್ಪಾಲು, ಟಿಪ್ಪಣಿ ಹಾಳೆ, 'ಮುಂದಿನ ಆದೇಶಕ್ಕಾಗಿ ಮಂಡಿಸಿದೆ' ಅಂತ ಬದುಕಿದವನು ನಾನು. ಅಂಚು ನೋಡುವ ಆ ಕಣ್ಣು ನನ್ನದು. ನಮ್ಮ ಹಾಗೆ ಅಲ್ಲೂ ರಾಶಿ ಎತ್ತರವಾಗಿಯೇ ಇರಬೇಕು, ಕೆಳಗಿಳಿದರೆ ಇವನಿಗೆ ಕೆಲಸವಿಲ್ಲ ಅಂದುಕೊಳ್ಳುತ್ತಾರೆ ಅಂತ ಹೊಸ ಹುಡುಗನಿಗೆ ಹೇಳಿಕೊಡುತ್ತಾರೆ. ಒಬ್ಬನೇ ಕೂತು ನಕ್ಕೆ. ಆಮೇಲೆ ನಗು ನಿಂತಿತು.

ಡಾಕ್ಟರು ಇನ್ನು ಕೆಲವೇ ತಿಂಗಳು ಅಂದಾಗ ಅವನು ಒಂದೇ ಒಂದು ಪದ ಹೇಳಿ ಒಪ್ಪಿಕೊಂಡುಬಿಡುತ್ತಾನೆ. ಮಗನಿಗೆ ತಿಳಿಸಬೇಕೆಂದು ಕತ್ತಲಲ್ಲಿ ಕೂತಿರುತ್ತಾನೆ, ಹೇಳುವುದಿಲ್ಲ. ಬಿಲ್ಲಿ ಮ್ಯಾಕ್‌ನ ಕೊಂಕು, ಡೇವಿ ಜೋನ್ಸ್‌ನ ಉಗುಳು, ಯಾವುದೂ ಇಲ್ಲ. ದನಿ ಪಿಸುಮಾತಿಗಿಂತ ಒಂದು ಕೂದಲು ಮೇಲೆ. ಇಡೀ ಜನ್ಮ ಕೂಡಿಟ್ಟ ಚಮತ್ಕಾರವನ್ನೆಲ್ಲ ಒಬ್ಬ ನಟ ಎಪ್ಪತ್ತು ದಾಟಿದ ಮೇಲೆ ಕೆಳಗಿಟ್ಟು ಬರಿಗೈಯಲ್ಲಿ ನಿಲ್ಲುವುದು ಸಣ್ಣ ವಿಷಯವಲ್ಲ ಮಾರಾಯ. ನಾನು ಅವನಲ್ಲಿ ಕಂಡದ್ದು ಇದು. ಮೊದಲಿನಿಂದಲೂ ಅವನು ಮಾತು ಹೊರಬಾರದವರ ಪಾತ್ರವನ್ನೇ ಮಾಡುತ್ತಿದ್ದ, ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಆ ಪಾತ್ರಕ್ಕೆ ಎಪ್ಪತ್ಮೂರನೇ ವಯಸ್ಸಿನಲ್ಲಿ ಮೊದಲ ಆಸ್ಕರ್ ನಾಮನಿರ್ದೇಶನ. 2023ರ ಮಾರ್ಚ್ 13, ಸೋಮವಾರ ಬೆಳಿಗ್ಗೆ, ನಮ್ಮ ವಠಾರದವರೆಲ್ಲ 'ನಾಟು ನಾಟು'ಗೆ ಎದ್ದು ಕೂತಿದ್ದರು. ಕೀರವಾಣಿ ವೇದಿಕೆ ಹತ್ತಿದಾಗ ನಾನೂ ಚಪ್ಪಾಳೆ ಹೊಡೆದೆ, ಸುಳ್ಳೇಕೆ. ಎಲ್ಲರೂ ಎದ್ದು ಹೋದರು. ನಾನು ಸ್ನಾನಕ್ಕೂ ಹೋಗದೆ ಕೂತೆ. ಪ್ರಶಸ್ತಿ 'ದಿ ವೇಲ್'ನ ಬ್ರೆಂಡನ್ ಫ್ರೇಸರ್‌ಗೆ ಹೋಯಿತು. ಅವನೂ ಒಳ್ಳೆಯ ನಟನೇ, ಆದರೆ ಆವತ್ತು ನನ್ನ ಹತ್ತಿರ ಹಾಗೆ ಅನ್ನಬೇಡ. ಸಮಾಧಾನವಾದದ್ದು ಒಂದು ಫೋಟೋ ನೋಡಿ: ಗರಿಗರಿ ಸೂಟು ಹಾಕಿದ ನಮ್ಮವನ ಕೈಯಲ್ಲಿ ಬೊಂಬೆ ಮೊಲ. ಮೊಮ್ಮಗಳದಂತೆ, ನೋಡಿಕೊಳ್ಳಲು ಕೊಟ್ಟಿದ್ದಳಂತೆ. ಆಸ್ಕರ್‌ಗೆ ಹೋಗಿ ಮೊಲ ಕಾಯ್ದು ಬಂದ.

'ಲಿವಿಂಗ್' ನೋಡಿದ ಮರುದಿನ ನಾನು ಏನೋ ಆದವನ ಹಾಗೆ ಕಚೇರಿಗೆ ಹೋಗಿ, ಒಂದು ವರ್ಷದಿಂದ ಮಲಗಿದ್ದ ಮೂರು ಕಡತಗಳನ್ನು ಸಂಜೆಯೊಳಗೆ ಮೇಲೆ ಕಳಿಸಿದೆ. ನಾಲ್ಕನೆಯದು ಇನ್ನೂ ಅಲ್ಲೇ ಇದೆ. ಸಿನಿಮಾದಲ್ಲೂ ಹಾಗೇ ಆಗುತ್ತದೆ. ವಿಲಿಯಮ್ಸ್ ಸತ್ತ ಮೇಲೆ ಸಹೋದ್ಯೋಗಿಗಳು ರೈಲಿನಲ್ಲಿ ಕೂತು ಆಣೆ ಮಾಡುತ್ತಾರೆ, ಆಮೇಲೆ ಮರೆಯುತ್ತಾರೆ. ಇಶಿಗುರೊಗೆ ನಮ್ಮ ಕಚೇರಿ ಹೇಗೆ ಗೊತ್ತಾಯಿತೋ.

ಮುಂದಿನ ತಿಂಗಳು ಎರಡನೇ ಶನಿವಾರ ಸಾಗರಕ್ಕೆ ಬಾ. ಒಬ್ಬನೇ ಬಾ. ರಾತ್ರಿ 'ಲಿವಿಂಗ್' ಹಾಕುತ್ತೇನೆ. ನಿದ್ದೆ ಬರದಿದ್ದರೆ ಆಮೇಲೆ ಹಳೆಯ 'ಲವ್ ಆಕ್ಚುಲಿ'ಯೂ ಇದೆ. ಅವನು ಜೋ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ನಿನ್ನ ಪಕ್ಕದಲ್ಲೇ ಒಂದು ಚೊಂಬು ನೀರು ಇಟ್ಟಿರುತ್ತೇನೆ. ಎದ್ದು ಹೋಗಬೇಡ.

ನಿನ್ನ,
ಶ್ರೀಧರ