ಗೋಡೆ ಕೆಡವಿ, ರಿಜಿಸ್ಟರ್ ಉಳಿಸಿ

ಮಾನ್ಯ ಸಂಪಾದಕರೇ,

ನಮ್ಮೂರ ಹಳೇ ಆಸ್ಪತ್ರೆಯ ಹಂಚಿನ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರಂತೆ. ಕಟ್ಟಲಿ, ಸಂತೋಷ. ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟುಕೊಂಡು ರೋಗಿಗಳು ಮಲಗಿದ್ದು ಸಾಕು. ನನ್ನ ತಕರಾರು ಬೇರೆ. ಸ್ಟೋರ್ ರೂಮಿನ ಹಳೇ ರಿಜಿಸ್ಟರುಗಳನ್ನು ಗುಜರಿಗೆ ಹಾಕುವ ಮಾತು ಕೇಳಿಬರುತ್ತಿದೆ. ಅದೊಂದು ಮಾಡಬೇಡಿ.

ಹಿಂದೆ ಅಲ್ಲಿ ಕೆಲಸದಲ್ಲಿದ್ದ ಕಂಪೌಂಡರ್ ಒಬ್ಬರು ಕೆಲವನ್ನು ತೋರಿಸಿದ್ದರು. ರಟ್ಟಿಗೆ ಬೂಸ್ಟು ಹಿಡಿದಿದೆ, ಅಂಚನ್ನು ಗೆದ್ದಲು ತಿಂದಿದೆ, ಆದರೂ ಶಾಯಿ ಅಕ್ಷರ ಓದಲು ಬರುತ್ತದೆ. ಹೆಸರು, ವಯಸ್ಸು, ತೋಟ, ಕಾಯಿಲೆ. ತೋಟಕ್ಕೇ ಒಂದು ಕಾಲಂ! ಕೊಡಗಿನ ಆಸ್ಪತ್ರೆ ಅಂದ್ರೆ ಹಾಗೇ ಅಲ್ವಾ? 1850ರ ದಶಕದಲ್ಲಿ ಬಿಳಿಯರು ಕಾಫಿ ತೋಟ ಮಾಡಿದ ಮೇಲೆ ತಮಿಳು ಸೀಮೆ, ಮಲಬಾರು, ಮೈಸೂರು ಕಡೆಯಿಂದ ಬಂದು ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಉಳಿದವರು, ಇಲ್ಲಿಯವರೇ ಆದ ಯರವರು, ಜೇನುಕುರುಬರು, ಇವರ ಬಗ್ಗೆ ಬೇರೆ ಕಡೆ ಬರೆದಿಟ್ಟದ್ದು ಕಡಿಮೆ, ಈ ಪುಸ್ತಕಗಳಲ್ಲಿ ಹೆಸರು ಸಮೇತ ಇದ್ದಾರೆ.

ತೀರಾ ಹಳೆಯವುಗಳಲ್ಲಿ ಪುಟಗಟ್ಟಲೆ ಒಂದೇ ಕಾಯಿಲೆ, ಚಳಿಜ್ವರ. ಅದಕ್ಕೆ ಹೆದರಿ ಈ ಕಡೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು ಅಂತ ಹಿರಿಯರು ಹೇಳೋರು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಮನೆಯೊಳಗಿನ ಗೋಡೆಗಳಿಗೆ ಡಿಡಿಟಿ ಹೊಡೆದರು. ಆಮೇಲಿನ ಪುಸ್ತಕಗಳಲ್ಲಿ ಜ್ವರ ಇಳಿದು ಹಾವು ಕಡಿತ, ಹೆರಿಗೆ, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದದ್ದು ಇಂಥವೇ ಜಾಸ್ತಿ. ಏಣಿಯಿಂದ ಬೀಳುವುದು ಇನ್ನೂ ನಿಂತಿಲ್ಲ ಬಿಡಿ. ಈ ನಡುವೆ 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಅದೇ ಕರ್ನಾಟಕವಾಯಿತು. ಔಷಧಿಗೆ ಬರುವ ಜನ ಮಾತ್ರ ಅವರೇ.

ಬಾಗಿಲ ಪಕ್ಕದ ದಾನಿಗಳ ಕಲ್ಲನ್ನೂ ಮರೆಯಬೇಡಿ. ಹಣ ಕೊಟ್ಟವರ ಕೆಳಗೆ ಮರ ಕೊಟ್ಟವರು, ಜಾಗ ಬಿಟ್ಟುಕೊಟ್ಟವರೂ ಇದ್ದಾರೆ. ಹೊಸ ಕಟ್ಟಡಕ್ಕೆ ಉದ್ಘಾಟಕರ ಫಲಕ ಹೇಗೂ ಬಂದೇ ಬರುತ್ತದೆ, ಅದಕ್ಕೆ ಯಾರೂ ಪತ್ರ ಬರೆಯಬೇಕಾಗಿಲ್ಲ.

ಹಳೇ ಕಾಗದ ಯಾಕೆ, ಡಾಕ್ಟರ್ ಕೊಡಿ ಅನ್ನುವವರಿದ್ದಾರೆ. ಸರಿಯೇ. 2019ರ ಜೂನ್‌ನಲ್ಲಿ ನಮ್ಮ ಹುಡುಗರು ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನವನ್ನೇ ಮಾಡಿದರು. ಆದರೆ ಸುಮ್ನೆ ಬೇಕು ಬೇಕು ಅಂದರೆ ಯಾರು ಕೇಳುತ್ತಾರೆ? ಕೈಯಲ್ಲಿ ಲೆಕ್ಕ ಇರಬೇಕು. ಯಾವ ಕೇಸನ್ನು ಮೈಸೂರಿಗೆ ಕಳಿಸಿದರು, ಯಾವುದನ್ನು ಮಂಗಳೂರಿಗೆ ಅಂತ ಇದೇ ರಿಜಿಸ್ಟರುಗಳಲ್ಲಿ ಬರೆದಿದೆ.

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿಯ ವಿದ್ಯಾರ್ಥಿಗಳಿಂದ ಇವನ್ನು ಸ್ಕ್ಯಾನ್ ಮಾಡಿಸಬಹುದು, ರೋಗಿಗಳ ಹೆಸರು ಮಾತ್ರ ಹೊರಗೆ ಬರಬಾರದು, ಅವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಇದ್ದಾರೆ. ಅದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ. ಸದ್ಯಕ್ಕೆ ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಗೆ ಮುಂಚೆ ಎಲ್ಲವನ್ನೂ ಒಂದು ಒಣ ಕೋಣೆಗೆ ಸಾಗಿಸಿ. ಒಂದು ಜೀಪು, ಇಬ್ಬರು ಆಳು ಸಾಕು.

ಓದುಗರೊಬ್ಬರು,
ವಿರಾಜಪೇಟೆ ತಾಲ್ಲೂಕು, ಕೊಡಗು